ಇನ್ನೆಷ್ಟು ದಿನ ಅಂತ

ಹನ್ನೆರಡು ವರ್ಷದ ಹಿಂದೆ ನಮ್ಮಜ್ಜಿಯ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಲ್ಲೂ ಪೊರೆ ಇತ್ತು. ಆರು ತಿಂಗಳು ಬಿಟ್ಟು ಬನ್ನಿ, ಅದನ್ನೂ ಮಾಡಿಬಿಡೋಣ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಆರು ತಿಂಗಳಾಗುವ ಹೊತ್ತಿಗೆ ಕಾಫಿ ಕುಯ್ಲು. ಅದು ಮುಗಿಯಿತು ಅನ್ನುವಾಗ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು, ಸ್ಪ್ರಿಂಕ್ಲರ್ ಪೈಪು ಹೊತ್ತು ಓಡಾಡಿದ್ದೇ ಆಯಿತು. ಆಮೇಲೆ ಮಳೆಗಾಲ. ಸೋಮವಾರಪೇಟೆ ಸೀಮೆಯ ಮಳೆಗಾಲ ಅಂದರೆ ಗೊತ್ತಲ್ಲ, ಜೂನ್‌ನಲ್ಲಿ ಒಗೆದ ಕಂಬಳಿ ಒಲೆಯ ಮೇಲಿನ ಹಗ್ಗದಲ್ಲಿ ಸೆಪ್ಟೆಂಬರ್‌ವರೆಗೂ ನೇತಾಡುತ್ತಿರುತ್ತದೆ. ಅಂಥದ್ದರಲ್ಲಿ 84 ವರ್ಷದ ಅಜ್ಜಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಬರುವವರು ಯಾರು? ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದರು, "ಒಂದು ಕಣ್ಣು ಚೆನ್ನಾಗಿ ಕಾಣುತ್ತಲ್ಲ, ಸಾಕು ಬಿಡು. ಇನ್ನೆಷ್ಟು ದಿನ ಅಂತ."

ಯಾರೂ ಎದುರು ಮಾತಾಡಲಿಲ್ಲ. ಅಜ್ಜಿ ಕೂಡ "ಹ್ಞೂಂ, ಸಾಕು, ಇನ್ನೆಷ್ಟು ದಿನ" ಅಂದು ರೊಟ್ಟಿ ಮುರಿದಳು.

ಅಜ್ಜಿಗೆ ಈಗ 96.

ಹನ್ನೆರಡು ವರ್ಷ ಆ ಕಣ್ಣಲ್ಲಿ ಬರೀ ಹಾಲು ಬಣ್ಣ. ಎಡಗಡೆ ಯಾರು ಬಂದು ನಿಂತರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಗೆ ಬರುವಾಗ ಎಡಭುಜವನ್ನು ಬಾಗಿಲ ಚೌಕಟ್ಟಿಗೆ ತಾಗಿಸಿಕೊಂಡೇ ಬರುತ್ತಿದ್ದಳು, ಜಾಗ ಎಲ್ಲಿದೆ ಅಂತ ತಿಳಿಯೋಕೆ. ಅಲ್ಲಿ ಒಂದು ಗೇಣಿನಷ್ಟು ಬಣ್ಣ ಸವೆದು ಬೀಟೆ ಮರ ಕಾಣುತ್ತದೆ. ನುಣ್ಣಗಿದೆ, ಪಾಲಿಷ್ ಹೊಡೆದ ಹಾಗೆ. ನಾವು ಊಟದ ಹೊತ್ತಲ್ಲಿ ಮಾಡಿದ ಲೆಕ್ಕದ ಗುರುತು ಅದು.

ಇದೆಲ್ಲ ಈಗ ಬರೆಯೋಕೆ ಕಾರಣ ನನ್ನ ಮಗಳು. ಒಂಬತ್ತನೇ ಕ್ಲಾಸು. ಹೋದ ನವೆಂಬರಿನಲ್ಲಿ ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದು, "ಅಪ್ಪ, ಔಷಧಿ ಕಂಡುಹಿಡಿದ್ರೆ ನೀನು 150 ವರ್ಷ ಬದುಕ್ತೀಯಾ?" ಅಂದಳು. "ಅಯ್ಯೋ ಬೇಡಮ್ಮ, 80 ಸಾಕು" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಎಲ್ಲರೂ ಹೇಳೋದು ಹಾಗೇ ಅಲ್ವಾ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮುತ್ತಜ್ಜಿ ಹದಿನಾರು ವರ್ಷ ಜಾಸ್ತಿ ಇದ್ದಾರಾ?" ಅಂತ ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಅಲ್ಲೇ ಜಗುಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದಳು.

ಆಮೇಲೆ ಒಂದು ವಾರ ಈ ಪ್ರಶ್ನೆ ತಲೆಗೆ ಹತ್ತಿಕೊಂಡಿತು. ಹುಡುಕಿದರೆ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು 2013ರಲ್ಲೇ ಇದನ್ನು ಜನರ ಹತ್ತಿರ ಕೇಳಿದ್ದಾರೆ. ಚಿಕಿತ್ಸೆಯಿಂದ 120 ವರ್ಷದವರೆಗೆ ಬದುಕಬಹುದು ಅಂತಾದರೆ ನಿಮಗೆ ಬೇಕಾ ಅಂತ. ನೂರಕ್ಕೆ 56 ಜನ ಬೇಡ ಅಂದರು, 38 ಜನ ಬೇಕು ಅಂದರು. ಬೇರೆಯವರಿಗೆ ಬೇಕಾಗಬಹುದಾ ಅಂತ ಕೇಳಿದ್ದಕ್ಕೆ ಮಾತ್ರ ನೂರಕ್ಕೆ 68 ಜನ ಹೌದು, ಬೇರೆ ಹೆಚ್ಚಿನವರಿಗೆ ಬೇಕಾಗಬಹುದು ಅಂದಿದ್ದಾರೆ! ನನಗೆ ಬೇಡಪ್ಪ, ಪಕ್ಕದವನಿಗೆ ಆಸೆ ಇದೆ. ಇದು ನಮ್ಮೂರ ಮದುವೆ ಪಂಕ್ತಿಯಲ್ಲಿ ದಿನಾ ಕೇಳುವ ಮಾತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನೂ ಸಿಕ್ಕಸಿಕ್ಕವರನ್ನು ಕೇಳುತ್ತಾ ಹೋದೆ. ಮೊದಲು ಹೆಂಡತಿ. ಅವಳು ತಕ್ಷಣ ತಿರುಗಿ ಕೇಳಿದಳು, "ಎಷ್ಟನೇ ವಯಸ್ಸಲ್ಲಿ ನಿಲ್ಲಿಸ್ತಾರೆ? 35ರಲ್ಲಿ ನಿಲ್ಲಿಸೋದಾದ್ರೆ ನಾನು ರೆಡಿ. 90ರ ಮಂಡಿ ಇಟ್ಕೊಂಡು ಇನ್ನೂ 60 ವರ್ಷ ಅಂದ್ರೆ ನೀವೇ ಇರಿ."

ಸರಿಯಾದ ಪ್ರಶ್ನೆ. ಬೇಡ ಅನ್ನುವ ಮುಕ್ಕಾಲುಪಾಲು ಜನ ಮುಪ್ಪನ್ನು ಉದ್ದ ಎಳೆಯುವುದು ಅಂತ ತಿಳಿದುಕೊಂಡೇ ಬೇಡ ಅನ್ನುತ್ತಾರೆ ಅಂತ ನನಗೆ ಅನ್ನಿಸುತ್ತದೆ. ವಿಜ್ಞಾನಿಗಳು ಹುಡುಕುತ್ತಿರುವುದು ಅದನ್ನಲ್ಲ. 1993ರಲ್ಲಿ ಸಿಂಥಿಯಾ ಕೆನ್ಯನ್ ಮತ್ತು ಅವರ ಜೊತೆಯವರು, ಒಂದು ಮಿಲಿಮೀಟರ್ ಉದ್ದದ ಒಂದು ಹುಳದಲ್ಲಿ ಒಂದೇ ಒಂದು ಜೀನ್ ಬದಲಾದರೆ ಅದರ ಆಯಸ್ಸು ದುಪ್ಪಟ್ಟಾಗುತ್ತದೆ ಅಂತ ತೋರಿಸಿದರು. ಆ ಹುಳ ಮುದಿಯಾಗಿ ಬಿದ್ದುಕೊಂಡು ದಿನ ದೂಡಲಿಲ್ಲ, ಬೇರೆ ಹುಳಗಳು ಸತ್ತ ಮೇಲೂ ಚುರುಕಾಗಿ ಹರಿದಾಡಿಕೊಂಡಿತ್ತು. ರಾಪಾಮೈಸಿನ್ ಅಂತ ಒಂದು ಔಷಧಿ ಇದೆ, ಕಿಡ್ನಿ ಬದಲಾಯಿಸಿಕೊಂಡವರಿಗೆ ಕೊಡೋದು. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದದ್ದು. ಅದನ್ನು 600 ದಿನ ವಯಸ್ಸಾದ ಇಲಿಗಳಿಗೆ, ಅಂದರೆ ಮನುಷ್ಯರ ಲೆಕ್ಕದಲ್ಲಿ ಸುಮಾರು 60 ದಾಟಿದವಕ್ಕೆ, ತಿನ್ನಿಸಿದರೂ ಅವುಗಳ ಆಯಸ್ಸು ಹೆಚ್ಚಿತು ಅಂತ 2009ರಲ್ಲಿ ಗೊತ್ತಾಯಿತು. ಗೂಗಲ್‌ನವರು 2013ರಲ್ಲಿ ಮುಪ್ಪಿನ ಹಿಂದೆ ಬೀಳೋಕೆ ಅಂತಲೇ ಕ್ಯಾಲಿಕೊ ಅನ್ನೋ ಕಂಪನಿ ಶುರುಮಾಡಿದರು. ಹುಳಕ್ಕೆ ಆಯಿತು, ಇಲಿಗೆ ಆಯಿತು. ಮನುಷ್ಯನ ಆಯಸ್ಸನ್ನು ಹೀಗೆ ಎಳೆದು ತೋರಿಸಿದವರು ಇನ್ನೂ ಯಾರೂ ಇಲ್ಲ.

ಕಾಫಿ ಗಿಡಕ್ಕಾದರೆ ನಾವೇ ಮಾಡುತ್ತೇವೆ. ತೋಟದ ಕೆಳಗಿನ ಮೂಲೆಯಲ್ಲಿ ಅಜ್ಜ ನೆಟ್ಟ ರೊಬಸ್ಟಾ ಇದೆ, 60 ದಾಟಿದ ಗಿಡಗಳು. ಫಸಲು ಇಳಿದುಹೋಗಿತ್ತು. ಮೂರು ವರ್ಷದ ಹಿಂದೆ ಕುಯ್ಲು ಮುಗಿದ ಮೇಲೆ ಒಂದು ಸಾಲಿನ ಗಿಡಗಳನ್ನು ನೆಲದಿಂದ ಒಂದಡಿ ಬಿಟ್ಟು ಓರೆಯಾಗಿ ಕುಯ್ದೆವು. ಗರಗಸ ಇಟ್ಟಾಗ ನನ್ನ ಕೈ ನಡುಗಿದ್ದು ಸುಳ್ಳಲ್ಲ. ತೋಟದ ಮಧ್ಯ ಬರೀ ಮೋಟು. ನೋಡಿದವರು ಇದೇನು ಸ್ಮಶಾನ ಮಾಡಿಟ್ಟಿದ್ದೀಯ ಅಂದರು. ಎರಡು ಮಳೆ ಬಿದ್ದದ್ದೇ ತಡ, ಮೋಟಿನ ಸುತ್ತ ಹತ್ತು ಹದಿನೈದು ಚಿಗುರು ಒಡೆದು ನಿಂತವು. ಗಟ್ಟಿಯಾದ ಎರಡು ಉಳಿಸಿಕೊಂಡು ಮಿಕ್ಕಿದ್ದು ಕಿತ್ತೆವು. ಈ ಸಲ ರೆಂಬೆ ಬಾಗುವಷ್ಟು ಕಾಯಿ. ಈಗ ಆ ಗಿಡದ ವಯಸ್ಸು ಎಷ್ಟು ಅಂತ ಹೇಳೋದು? ಬೇರಿಗೆ 60 ದಾಟಿದೆ, ರೆಂಬೆಗೆ ಮೂರು. ನನ್ನ ಹೆಂಡತಿ ಕೇಳಿದ್ದು ಈ ಥರದ ಕಪಾತು. ಚಿಗುರದೇ ಒಣಗಿಹೋದ ಮೋಟುಗಳೂ ಇವೆ, ಅವಳಿಗೆ ಅದನ್ನು ಹೇಳಲಿಲ್ಲ.

ಎರಡನೆಯವರು ತೋಟದ ಕೆಲಸದವರಿಗೆ ಅಂತ ಕಟ್ಟಿದ ನಮ್ಮ ಲೈನ್‌ಮನೆಯಲ್ಲಿರುವ ಒಬ್ಬ ಹೆಂಗಸು. 58 ವರ್ಷ. ಕಣದಲ್ಲಿ ಹಣ್ಣು ಹರಡುತ್ತಿದ್ದರು. ನನ್ನ ಪ್ರಶ್ನೆ ಕೇಳಿ ಹಲಗೆ ನಿಲ್ಲಿಸಲೂ ಇಲ್ಲ. "150 ಅಂದ್ರೆ ಇನ್ನೂ ತೊಂಬತ್ತೆರಡು ಕುಯ್ಲು. ಸೊಂಟ ಯಾರ್ದು ಅಣ್ಣ, ನಿಮ್ದಾ?" ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬರುವಾಗ ನಗು ಇರಲಿಲ್ಲ. ಅವರು ಎಷ್ಟು ಬೇಗ ಲೆಕ್ಕ ಹಾಕಿದರು ನೋಡಿ, ವರ್ಷದಲ್ಲಿ ಅಲ್ಲ, ಕುಯ್ಲಿನಲ್ಲಿ. ಜಾಸ್ತಿ ಬದುಕೋದು ಅಂದರೆ ನನಗೆ ಜಗುಲಿಯಲ್ಲಿ ಕೂರುವ ಸಂಜೆಗಳು ಜಾಸ್ತಿ ಆಗೋದು. ಅವರಿಗೆ ಮೂಟೆ ಜಾಸ್ತಿ ಆಗೋದು. ಒಂದೇ ಔಷಧಿ ಇಬ್ಬರೂ ನುಂಗಿದರೂ ಸಿಗೋದು ಬೇರೆ ಬೇರೆ.

ಬೇಲಿಯಾಚೆ ಸುಬೇದಾರ್ ಮಾವ ಇದ್ದಾರೆ. ಕೊಡವರು, ಸೈನ್ಯದಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಈಗ 82. ಇಬ್ಬರು ಮಕ್ಕಳೂ ಹೊರಗಡೆ. ಗೋಡೆಯ ಮೇಲೆ ಪಕ್ಕಪಕ್ಕ ಎರಡು ಫೋಟೊ: ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ. ಒಬ್ಬರು 1899ರಲ್ಲಿ ಹುಟ್ಟಿ 1993ರವರೆಗೆ 94 ವರ್ಷ ಬಾಳಿದರು, ಇನ್ನೊಬ್ಬರು 1965ರಲ್ಲಿ ಸೈಪ್ರಸ್‌ನಲ್ಲಿ ಕೆಲಸದಲ್ಲಿದ್ದಾಗಲೇ 59ಕ್ಕೆ ಹೋದರು. ಯಾರ ಆಯಸ್ಸು ಬೇಕು ಮಾವ ಅಂತ ಕೇಳಿದರೆ "ಆರ್ಡರ್ ಕೊಡೋದು ನಮ್ಮ ಕೈಲಿಲ್ಲ" ಅಂದು ತಪ್ಪಿಸಿಕೊಂಡರು. ಆಮೇಲೆ ತಾವೇ ಶುರುಮಾಡಿದರು, ಪಿಂಚಣಿ ಲೆಕ್ಕ. 80 ದಾಟಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ, 85ಕ್ಕೆ ಶೇ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಇಡೀ ದುಪ್ಪಟ್ಟು. "ಸರ್ಕಾರವೇ ಹೇಳ್ತಿದೆ ಅಲ್ವಾ, ಬದುಕಪ್ಪ ಬದುಕು ಅಂತ. ನೂರಕ್ಕೆ ಹೋಗ್ಲೇಬೇಕು ಅಂತಿದ್ದೆ." ಹಾಗಾದರೆ 150ಕ್ಕೂ ಹೂಂ ಅನ್ನಿ ಅಂದೆ. ಟೀಪಾಯಿಯ ಮೇಲಿದ್ದ ಇಸ್ಪೀಟು ಕಟ್ಟನ್ನು ಬೆರಳಲ್ಲಿ ತಳ್ಳಿದರು. "ಇಪ್ಪತ್ತೆಂಟು ಆಡೋಕೆ ನಾಲ್ಕು ಜನ ಬೇಕು ಮಗಾ. ಹೋದ ವರ್ಷ ಮೂರಾಯ್ತು. ಈಗ ಇಬ್ಬರು. ಇಬ್ಬರೇ ಆಡೋ ಒಳ್ಳೆ ಆಟ ಯಾವ್ದಿದೆ ಹೇಳು."

ನಾನು ಹುಡುಕಿ ರಮ್ಮಿ ಅಂದೆ. ಅವರಿಗೆ ಅದು ಆಟವೇ ಅಲ್ಲ.

ಅಪ್ಪನನ್ನು ಕೇಳುವ ಧೈರ್ಯ ಬರೋಕೆ ಎರಡು ದಿನ ಬೇಕಾಯಿತು. ಅಪ್ಪನಿಗೆ 71, ನನಗೆ 44. ಬ್ಯಾಂಕಿನ ಚೆಕ್ ಬುಕ್ ಇವತ್ತಿಗೂ ಅವರ ಗಾಡ್ರೇಜ್ ಬೀರುವಿನಲ್ಲೇ ಇದೆ. ಗೊಬ್ಬರಕ್ಕೆ ದುಡ್ಡು ಬೇಕಾದರೆ ನಾನು ಹೋಗಿ ನಿಲ್ಲಬೇಕು, "ಹುಡುಗನಿಗೆ ಕೈ ಬಿಗಿ ಇಲ್ಲ" ಅಂತ ಒಂದು ಸಲ ಕೇಳಿಸಿಕೊಳ್ಳಬೇಕು, ಆಮೇಲೆ ಸಹಿ. ಅಪ್ಪ 150 ವರ್ಷ ಬದುಕಿದರೆ ಆ ಬೀರುವಿನ ಬೀಗದ ಕೈ ನನಗೆ ಸಿಗುವಾಗ ನನಗೆ 123 ಆಗಿರುತ್ತದೆ. ಇದುವರೆಗೆ ಜಗತ್ತಿನಲ್ಲಿ ದಾಖಲೆಯಿರುವ ಯಾವ ಮನುಷ್ಯನೂ 123 ಮುಟ್ಟಿಲ್ಲ. ಅಪ್ಪ ನನ್ನ ಮುಖ ನೋಡಿ, "ನಾನು ಬದುಕೋದು ಇರಲಿ, ಮೊದಲು ನಿನ್ನ ಮುತ್ತಜ್ಜನ್ನ ಸಾಯ್ಸು" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮುತ್ತಜ್ಜ, ಅಂದರೆ ಅಜ್ಜಿಯ ಮಾವ, ತೀರಿಕೊಂಡಿದ್ದು 1952ರಲ್ಲಿ. ಆದರೆ ಗದ್ದೆಯ ಒಂದು ತುಂಡಿನ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಅಜ್ಜ ಇದ್ದಾಗ ಪೌತಿ ಖಾತೆ ಮಾಡಿಸಲಿಲ್ಲ. ಅಣ್ಣತಮ್ಮಂದಿರ ಪಾಲು ಬಾಯಲ್ಲೇ ಆಗಿತ್ತು, ಯಾರಿಗೂ ತೊಂದರೆ ಆಗಲಿಲ್ಲ. ಈಗ ಆಗಿದೆ. ಸಾಲ ಬೇಕಾದರೆ, ಬೆಳೆ ಹಾನಿ ಪರಿಹಾರ ಬೇಕಾದರೆ, ಪಹಣಿಯಲ್ಲಿ ಹೆಸರಿರುವವರು ಬರಬೇಕು. ಬರಬೇಕಾದವರು ತೋಟದ ಮೇಲ್ಭಾಗದಲ್ಲಿ ಹಲಸಿನ ಮರದ ಬುಡದಲ್ಲಿ ಮಲಗಿದ್ದಾರೆ. ಒಂದು ಕಚೇರಿಗೆ ಹೋದರೆ, ಇವರು ಸತ್ತಿದ್ದಕ್ಕೆ ದಾಖಲೆ ಕೊಡಿ ಅಂದರು. ದಾಖಲೆ ಎಲ್ಲಿಂದ ತರೋಣ? ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅಪ್ಪನ ಅಂದಾಜಿನ ಪ್ರಕಾರ ಮುತ್ತಜ್ಜ ಹುಟ್ಟಿದ್ದು 1885ರ ಹೊತ್ತಿಗೆ. ಕಾಗದದಲ್ಲಿ ಅವರಿಗೆ ಈಗ ಹೆಚ್ಚುಕಮ್ಮಿ 140, ಆರೋಗ್ಯವಾಗಿದ್ದಾರೆ, ನಲವತ್ತು ಸೆಂಟು ಗದ್ದೆಯ ಒಡೆಯರು.

ಅವರು ಸತ್ತಿದ್ದಕ್ಕೆ ಬದುಕಿರುವ ಒಬ್ಬಳೇ ಸಾಕ್ಷಿ ನಮ್ಮಜ್ಜಿ. ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಮೇಜಿನಾಚೆ ಕೂತಿದ್ದ ಹುಡುಗ ಸ್ವಲ್ಪ ಮೆತ್ತಗೇ ಕೇಳಿದ, "ಅಜ್ಜಿ, ಅವರು ತೀರಿಕೊಂಡಿದ್ದನ್ನ ನೀವು ನೋಡಿದ್ರಾ?" ಅಜ್ಜಿ, "ನೋಡೋದೇನು ಮಗಾ, ಬಾಯಿಗೆ ನೀರು ಬಿಟ್ಟೋಳೇ ನಾನು" ಅಂದಳು. ಅವನು ಅವಳ ಆಧಾರ್ ಕಾರ್ಡ್ ನೋಡಿದ. ಅದರಲ್ಲಿ ಹುಟ್ಟಿದ ದಿನ 1935ರ ಜನವರಿ 1. ನಮ್ಮ ಕಡೆಯ ಅರ್ಧ ಮುದುಕರು ಹುಟ್ಟಿದ್ದು ಜನವರಿ 1ರಂದೇ ಬಿಡಿ. ಆದರೆ 1934ರ ಫೆಬ್ರವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಅವಳಿಗೆ ಚೆನ್ನಾಗಿ ನೆನಪಿದೆ, ಆಗ ತನಗೆ ಐದು ವರ್ಷ ಅನ್ನುತ್ತಾಳೆ. ಹೀಗೆ ಹುಟ್ಟುವ ಮೊದಲೇ ಗಾಂಧೀಜಿಯನ್ನು ನೋಡಿದವಳು, 140ರ ಮಾವ ಸತ್ತಿದ್ದಾರೆ ಅಂತ ಹೇಳಿದರೆ ನಂಬೋದು ಹೇಗೆ? ವಂಶವೃಕ್ಷ, ಅಫಿಡವಿಟ್, ಮಹಜರು ಎಲ್ಲ ನಡೆಯುತ್ತಲೇ ಇದೆ. ಜನ 200 ವರ್ಷ ಬದುಕಿದರೆ ಏನಾಗಬಹುದು ಅಂತ ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿದಾಗ ಹತ್ತು ವರ್ಷದವನಾಗಿದ್ದ ಹುಡುಗ ಇವತ್ತೂ ಇದ್ದಿದ್ದರೆ, ರಾಜನನ್ನು, ಕಂಪನಿಯನ್ನು, ರಾಣಿಯನ್ನು, ಕೊಡಗೇ ಒಂದು ರಾಜ್ಯವಾಗಿದ್ದ ದಿನಗಳನ್ನು, 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿದ್ದನ್ನು, 1973ರಲ್ಲಿ ಅದು ಕರ್ನಾಟಕ ಆಗಿದ್ದನ್ನು ಎಲ್ಲ ನೋಡಿರುತ್ತಿದ್ದ. ಅವನ ಪಾಲಿನ ಜಮೀನು ಅಳೆದು ಬೇರೆ ಮಾಡುವ ಪೋಡಿ ಮಾತ್ರ ಇನ್ನೂ ಆಗಿರುತ್ತಿರಲಿಲ್ಲ.

ನಗುವ ವಿಷಯ ಸರಿ. ಆದರೆ ನಾನು ಮೊದಲಿಂದ ಹೇಳಬೇಕು ಅಂತಿರುವುದು ಆ ಊಟದ ಹೊತ್ತಿನ ಲೆಕ್ಕದ ಬಗ್ಗೆ. ಆ ಲೆಕ್ಕದಲ್ಲಿ ನಮಗಿಂತ ದೊಡ್ಡ ಪೆಟ್ಟು ತಿಂದವನೊಬ್ಬ ಫ್ರಾನ್ಸ್‌ನಲ್ಲಿದ್ದ. ಆರ್ಲ್ ಅನ್ನೋ ಊರಿನ ಒಬ್ಬ ನೋಟರಿ, ಹೆಸರು ರಾಫ್ರೇ. 1965ರಲ್ಲಿ ಅವನಿಗೆ 47. ಅದೇ ಊರಿನಲ್ಲಿ 90 ವರ್ಷದ ಜೀನ್ ಕಾಲ್ಮೆಂಟ್ ಅನ್ನೋ ವಿಧವೆ. ಅವನು ಅವರ ಜೊತೆ ಒಂದು ಕರಾರು ಮಾಡಿಕೊಂಡ: ನೀವು ಇರುವವರೆಗೂ ತಿಂಗಳಿಗೆ 2,500 ಫ್ರಾಂಕ್ ಕೊಡುತ್ತೇನೆ, ನಿಮ್ಮ ನಂತರ ಮನೆ ನನ್ನದು. ಅಲ್ಲಿ ಅಂಥ ಕರಾರು ಮಾಮೂಲಿ. 90 ವರ್ಷ, ಇನ್ನೆಷ್ಟು ದಿನ ಅಂತ. ಅವನು ಮೂವತ್ತು ವರ್ಷ ದುಡ್ಡು ಕಟ್ಟಿದ, ಮನೆಯ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ ಆಯಿತು, 1995ರಲ್ಲಿ 77ಕ್ಕೆ ತಾನೇ ತೀರಿಕೊಂಡ. ಆಮೇಲೆ ಅವನ ಹೆಂಡತಿ ಕಟ್ಟಿದಳು. ಕಾಲ್ಮೆಂಟ್ ಹೋಗಿದ್ದು 1997ರ ಆಗಸ್ಟ್ 4ರಂದು, 122 ವರ್ಷ 164 ದಿನಕ್ಕೆ. ಇವತ್ತಿಗೂ ಅದೇ ದಾಖಲೆ.

ಈ ಕಥೆಯನ್ನು ಎಲ್ಲರೂ ನೋಟರಿಯ ಮೇಲೆ ನಗೋಕೆ ಹೇಳುತ್ತಾರೆ. ನನಗೆ ಓದಿದಾಗ ಹತ್ತಿಕೊಂಡದ್ದು ಬೇರೆ. ಕಾಲ್ಮೆಂಟ್ ಅವರ ಒಬ್ಬಳೇ ಮಗಳು 1934ರಲ್ಲೇ ತೀರಿಕೊಂಡಿದ್ದಳು. ಗಂಡ 1942ರಲ್ಲಿ. ಒಬ್ಬನೇ ಮೊಮ್ಮಗ 1963ರಲ್ಲಿ ಅಪಘಾತದಲ್ಲಿ. ಅಂದರೆ ಕರಾರಿಗೆ ಸಹಿ ಹಾಕುವಾಗ ಅವರ ಹಿಂದೆ ಯಾರೂ ಇರಲಿಲ್ಲ, ಇನ್ನೂ 32 ವರ್ಷ ಬಾಕಿ ಇತ್ತು. ಇಪ್ಪತ್ತೆಂಟು ಆಡೋಕೆ ನಾಲ್ಕು ಜನ ಅಂತ ಸುಬೇದಾರ್ ಮಾವ ಹೇಳಿದ್ದು ಇದೇ ತಾನೆ.

ವಿಮೆಯವರಿಗೆ ಇದರ ಸೂತ್ರ ಗೊತ್ತಿದೆ. 1825ರಲ್ಲಿ ಬೆಂಜಮಿನ್ ಗೊಂಪರ್ಟ್ಸ್ ಅನ್ನುವ ಇಂಗ್ಲೆಂಡಿನ ಗಣಿತದವರು, ವಯಸ್ಸು ಏರಿದ ಹಾಗೆ ಸಾವಿನ ಸಂಭವ ಚಕ್ರಬಡ್ಡಿಯ ಥರ ಏರುತ್ತದೆ ಅಂತ ತೋರಿಸಿದರು. ಸುಮಾರು ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟು. ಸಾವಿರ ಜನರ ಗುಂಪಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಅಡುಗೆಮನೆಯಲ್ಲಿ ಕೂತಿರುವ ಒಬ್ಬ ಅಜ್ಜಿಗೆ ಹೊಂದುವುದಿಲ್ಲ. ಇನ್ನು ಬರೀ ಮೈ ಒಂದೇ ಅಲ್ಲವಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಬಂದಾಗ ಯಾರ ವಯಸ್ಸನ್ನೂ ಕೇಳಲಿಲ್ಲ. ಮುಪ್ಪಿಗೆ ಔಷಧಿ ಬಂದ ಮೇಲೂ ಗುಡ್ಡ ಗುಡ್ಡವೇ.

ಇನ್ನೊಂದು ವಿಷಯ. ಆಯಸ್ಸು ಎರಡು ಪಟ್ಟಾದರೆ ಹೇಗಿರುತ್ತದೋ ಅಂತ ಹೊಸದಾಗಿ ಹೆದರುವಂಥದ್ದೇನೂ ಇಲ್ಲ, ಅದು ಆಗಲೇ ಒಂದು ಸಲ ಆಗಿಹೋಗಿದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32. ಈಗ 70ರ ಆಸುಪಾಸು. 32ಕ್ಕೆ ಎಲ್ಲರೂ ಸಾಯುತ್ತಿದ್ದರು ಅಂತಲ್ಲ, ಹುಟ್ಟಿದ ಮಕ್ಕಳು ನಿಲ್ಲುತ್ತಿರಲಿಲ್ಲ, ಅದಕ್ಕೇ ಸರಾಸರಿ ಅಷ್ಟು ಕೆಳಗೆ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಮೂರನ್ನು ಚಳಿಜ್ವರ ತಗೊಂಡುಹೋಯಿತು. ಕೊಡಗಿನ ಮಲೇರಿಯಾ ಎಷ್ಟು ಕೆಟ್ಟದ್ದು ಅಂತ ಹಳಬರನ್ನು ಕೇಳಬೇಕು. 1953ರಲ್ಲಿ ದೇಶದ ತುಂಬ ಮಲೇರಿಯಾ ನಿಯಂತ್ರಣ ಶುರುವಾದ ಮೇಲೆ ಗೋಡೆಗೆ ಡಿಡಿಟಿ ಹೊಡೆಯೋಕೆ ಬಂದವರನ್ನು ಅವಳು ಇವತ್ತಿಗೂ "ಬಿಳಿ ನೀರಿನವರು" ಅಂತಲೇ ಕರೆಯೋದು. ಅವರು ಬಂದಾಗ ಯಾರೂ, ಇಷ್ಟು ಆಯಸ್ಸು ನಮಗೆ ಬೇಡಪ್ಪ ಅಂತ ಬಾಗಿಲು ಹಾಕಿಕೊಳ್ಳಲಿಲ್ಲ. ಪಾತ್ರೆಪಗಡ ಅಂಗಳಕ್ಕೆ ತಂದಿಟ್ಟು ಹೊಡೀರಿ ಅಂದರು.

ಶುಂಟಿಕೊಪ್ಪದ ಮೇಲೆ ಹೋಗುವಾಗಲೆಲ್ಲ ನನಗೆ ಕೊಡಗಿನ ಗೌರಮ್ಮನವರ ನೆನಪಾಗುತ್ತದೆ. ಗಾಂಧೀಜಿ ಬಂದಿದ್ದಾಗ ಉಪವಾಸ ಕೂತು ಅವರನ್ನು ಮನೆಗೆ ಕರೆಸಿಕೊಂಡು, ಒಡವೆ ಬಿಚ್ಚಿಕೊಟ್ಟವರು. ನಮ್ಮಜ್ಜಿ ಅಪ್ಪನ ಹೆಗಲ ಮೇಲೆ ಕೂತಿದ್ದ ಅದೇ ವರ್ಷ. ಐದು ವರ್ಷದಲ್ಲಿ, 1939ರಲ್ಲಿ, ಹೊಳೆಯಲ್ಲಿ ಈಜಲು ಹೋಗಿ ಸುಳಿಗೆ ಸಿಕ್ಕಿದರು. 27 ವರ್ಷ. ಅಷ್ಟರೊಳಗೇ ಕನ್ನಡದಲ್ಲಿ ಅಷ್ಟು ಒಳ್ಳೆ ಸಣ್ಣಕಥೆ ಬರೆದಿಟ್ಟು ಹೋದರು. ಹುಟ್ಟಿದ್ದು 1912. ಕಾಲ್ಮೆಂಟ್ ಅಷ್ಟು ಆಯಸ್ಸು ಅವರಿಗೆ ಸಿಕ್ಕಿದ್ದರೆ 2034ರವರೆಗೆ ಇರುತ್ತಿದ್ದರು. ಅಂದರೆ ಈಗಲೂ. ಬಸ್ಸಿನಲ್ಲಿ ಕೂತು ಈ ಲೆಕ್ಕ ಹಾಕಿದಾಗ ನಿಜಕ್ಕೂ ಹೊಟ್ಟೆ ಉರಿಯಿತು. ಇಷ್ಟು ವರ್ಷ ಸಾಕು ಅಂತ ಯಾರಾದರೂ ನೀತಿ ಹೇಳಿದರೆ ಈಗ ನನಗೆ ಮೊದಲಿನ ಹಾಗೆ ತಲೆ ಆಡಿಸೋಕೆ ಆಗೋದಿಲ್ಲ.

ಪಂಕ್ತಿಯ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ನಮ್ಮಲ್ಲಿ ಎಲೆಯ ಮುಂದೆ ಕೂತವರು ಯಾರೂ ಇನ್ನೊಂದು ಸ್ವಲ್ಪ ಹಾಕಿ ಅನ್ನೋದಿಲ್ಲ. ಸಾಕು, ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬೆರಳ ಸಂದಿ ಮಾತ್ರ ಬಿಟ್ಟಿರುತ್ತಾರೆ. ಬಡಿಸೋದು ಗೊತ್ತಿದ್ದವನು ಆ ಸಂದಿ ನೋಡಿ ಇನ್ನೊಂದು ಸೌಟು ಪಾಯಸ ಬಿಡುತ್ತಾನೆ. ನಿಜವಾಗಿ ಸಾಕಾದವರು ಎಲೆ ಮಡಚಿಬಿಡುತ್ತಾರೆ. ಎರಡೂ "ಸಾಕು" ಕೇಳೋಕೆ ಒಂದೇ ಥರ. ನಮ್ಮ ಮನೆಯಲ್ಲಿ ನಾವು ಎರಡನ್ನೂ ತಪ್ಪಾಗಿ ಕೇಳಿಸಿಕೊಂಡಿದ್ದೇವೆ. ಅಮ್ಮನ ಅಪ್ಪ ಕೊನೆಗಾಲದಲ್ಲಿ ಹಾಸಿಗೆ ಹಿಡಿದು ಗಂಜಿಗೂ ಬಾಯಿ ಬಿಗಿ ಹಿಡಿದರು. ಎಲೆ ಮಡಚಿದ್ದರು ಅವರು. ನಾವು ಮೂಗಿಗೆ ಟ್ಯೂಬು ಹಾಕಿಸಿ ನಲವತ್ತು ದಿನ ಮಲಗಿಸಿದೆವು, ಪ್ರೀತಿಯಿಂದಲೇ. ಅದು ಬೇಕಿರಲಿಲ್ಲ ಅಂತ ಅಮ್ಮ ಈಗ ಹೇಳುತ್ತಾಳೆ. ಇತ್ತ ಅಪ್ಪನ ಅಮ್ಮ ರೊಟ್ಟಿ ಮುರಿಯುತ್ತಾ ಸಾಕು ಅಂದಾಗ ಬೆರಳ ಸಂದಿ ಅಗಲವಾಗಿಯೇ ಇತ್ತು. ನಮಗೆ ಕುಯ್ಲಿನ ಗಡಿಬಿಡಿ, ಯಾರೂ ನೋಡಲಿಲ್ಲ.

ನನಗೆ 150 ಬೇಕಾ ಬೇಡವಾ? ಮಗಳಿಗೆ ಕೊಟ್ಟ ಉತ್ತರವನ್ನು ವಾಪಸ್ ತಗೊಂಡಿದ್ದೇನೆ. ಕೊಟ್ಟರೆ ಬೇಕು. ಚೆಕ್ ಬುಕ್ ಸಿಗದಿದ್ದರೂ ಬೇಕು. ಸುಬೇದಾರ್ ಮಾವನಿಗೂ ಅವರ ಮೂವರು ಜೊತೆಗಾರರಿಗೂ ಒಟ್ಟಿಗೇ ಸಿಗಲಿ, ಲೈನ್‌ಮನೆಯವರಿಗೆ ಸೊಂಟದ ಜೊತೆಗೇ ಸಿಗಲಿ ಅಂತ ಆಸೆ. ಅದು ಆಗದ ಮಾತು ಅಂತ ಗೊತ್ತು. ದುಡ್ಡಿದ್ದವರ ಕಡೆಯಿಂದಲೇ ಶುರುವಾಗೋದು, ಯಾವತ್ತೂ ಹಾಗೇ ಅಲ್ವಾ. ಆದರೂ 84ಕ್ಕೆ ಇನ್ನೆಷ್ಟು ದಿನ ಅಂತ ಕೇಳೋಕೆ ಯಾರಿಗೂ ಬಾಯಿ ಬರದ ಕಾಲ ಒಂದು ಬಂದರೆ ನಾನು ಅದರಲ್ಲಿ ಇರಬೇಕು.

ಅಜ್ಜಿಯನ್ನು ಕೊನೆಗೆ ಕೇಳಿದ್ದು ನಾನಲ್ಲ, ಮಗಳು. ಒಂದು ರಾತ್ರಿ, ಕಾಲು ಒತ್ತುತ್ತಾ. "ಮುತ್ತಜ್ಜಿ, ನೀವು 150 ವರ್ಷ ಇರ್ತೀರಾ?" ಅಜ್ಜಿ ದಿನಾ ಮಲಗುವಾಗ ಕರ್ಕೊಂಡು ಹೋಗಪ್ಪ ಶಿವನೇ ಅನ್ನೋದುಂಟು. ಅವತ್ತು ಅನ್ನಲಿಲ್ಲ. ಸ್ವಲ್ಪ ಯೋಚನೆ ಮಾಡಿ, "ಇರಬಹುದು. ಆಗ ಈ ಎಡಗಣ್ಣು ಕಾಣುತ್ತಾ?" ಅಂದಳು.

ಜನವರಿಯಲ್ಲಿ ಮೈಸೂರಿಗೆ ಹೋದೆವು. ಅರೇಬಿಕ ಕುಯ್ಲಿನ ಕೊನೆ, ರೊಬಸ್ಟಾ ಶುರು, ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಆದರೂ ಹೋದೆವು. 96ಕ್ಕೆ ಆಪರೇಷನ್ ಮಾಡ್ತೀರಾ ಅಂತ ನಾನು ಅಂಜಿಕೊಂಡೇ ಕೇಳಿದೆ. ಸಕ್ಕರೆ, ಬಿಪಿ ಎಲ್ಲ ನೋಡಿ ಡಾಕ್ಟರು, ಕಣ್ಣಿಗೆ ವಯಸ್ಸು ಗೊತ್ತಾಗಲ್ಲ, ಆದರೆ ಪೊರೆ ಕಲ್ಲಾಗಿದೆ, ಮೊದಲೇ ಯಾಕೆ ಬರಲಿಲ್ಲ ಅಂದರು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಒಳಗೆ ಹೋಗಿ ಬರೋಕೆ ಅರ್ಧ ಗಂಟೆಯೂ ಆಗಲಿಲ್ಲ.

ಮಾರನೇ ದಿನ ಪಟ್ಟಿ ಬಿಚ್ಚಿದರು, ಸಂಜೆಗೆ ಊರಿಗೆ ಬಂದೆವು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಜೀಪಿನಿಂದ ಇಳಿದಳು. ಜಗುಲಿಗೆ ಬಂದು ಕನ್ನಡಕ ತೆಗೆದು ಮೊದಲು ನನ್ನ ತಲೆ ನೋಡಿ, "ಇದ್ಯಾವಾಗ ಇಷ್ಟು ಬೆಳ್ಳಗಾಯ್ತೋ" ಅಂದಳು. ಆಮೇಲೆ ಕಣದ ಕಡೆ ತಿರುಗಿ ಎಡಗಡೆಯ ಮೂಲೆಯನ್ನೇ ತುಂಬ ಹೊತ್ತು ನೋಡಿದಳು. "ಆ ಮೂಲೆ ರಾಶೀಲಿ ಅರ್ಧಕ್ಕರ್ಧ ಹಸಿರು ಕಾಯಿ ಐತೆ. ಯಾರು ಕುಯ್ಸಿದ್ದು ಹೀಗೆ?" ಅಪ್ಪ, 71 ವರ್ಷ, ಕೈಯಲ್ಲಿ ಔಷಧಿ ಚೀಲ ಹಿಡಿದುಕೊಂಡು, "ಅದು ಅವ್ವಾ, ಮಳೆ ಬರೋ ಹಾಗಿತ್ತು..." ಅಂತ ಶುರುಮಾಡಿದರು.

"ಮಳೆ ಮೇಲೆ ಹಾಕ್ಬೇಡ" ಅಂದಳು ಅಜ್ಜಿ. ನಾನೂ ಅಪ್ಪನೂ ಕತ್ತಲಾಗುವವರೆಗೆ ಕೂತು ಹಸಿರು ಆರಿಸಿದೆವು.